ಜ್ವಿಕಿ ೧೮ ಎಂಬ ಕುಬ್ಜ ಗೆಲಕ್ಸಿಯ ವಯೋವಿಚಾರ

೧. ವಿಷಯಪ್ರವೇಶ

ಸಪ್ತರ್ಷಿಮಂಡಲದ ದಿಕ್ಕಿನಲ್ಲಿ, ಬರಿಗಣ್ಣಿಗೆ ಎಂದಿಗೂ ಗೋಚರವಾಗದಷ್ಟು ಮಂದವಾದ ಒಂದು ಸಣ್ಣ ತಾರಾಸಮುದಾಯವುಂಟು. ಸ್ವಿಸ್ ಮನೆತನಕ್ಕೆ ಸೇರಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ನೆಲಸಿದ್ದ ಫ್ರಿಟ್ಸ್ ಜ್ವಿಕಿ ಎಂಬ ಜ್ಯೋತಿರ್ವಿದರು ಒತ್ತಾದ ಚಿಕ್ಕ ಗೆಲಕ್ಸಿಗಳನ್ನು ಆಯ್ದು ಕೆಲವು ಪಟ್ಟಿಗಳನ್ನು ಸಿದ್ಧಪಡಿಸಿದರು. ಅವುಗಳಲ್ಲಿ ಮೊದಲನೆಯ ಪಟ್ಟಿಯ ಹದಿನೆಂಟನೆಯ ವಸ್ತುವಾದುದರಿಂದ ಇದಕ್ಕೆ ಒಂದನೆಯ ಜ್ವಿಕಿ ೧೮ ಎಂಬ ಹೆಸರು ಬಂದಿತು. ಈ ಲೇಖನದಲ್ಲಿ ಸಂಕ್ಷೇಪವಾಗಿ ಜ್ವಿಕಿ ೧೮ ಎಂದು ವ್ಯವಹರಿಸಿದೆ. ಇದು ನಮ್ಮಿಂದ ಸುಮಾರು ೫ ಕೋಟಿ ೯೦ ಲಕ್ಷ ಜ್ಯೋತಿರ್ವರ್ಷಗಳ ದೂರದಲ್ಲಿದೆ.

ಇಷ್ಟು ಅಲ್ಪವಾದ ವಸ್ತುವಿನ ವಿಷಯದಲ್ಲಿ ಅರ್ಧ ಶತಮಾನ ವಾದವು ನಡೆದಿದೆಯೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ವಾದದ ವಿಷಯವಿಷ್ಟು: ಈ ಗೆಲಕ್ಸಿಯು ಈಚೆಗೆ ಹುಟ್ಟಿದ ಶಿಶುವೋ, ಅಥವಾ ಬಹುಕಾಲದಿಂದ ಇದ್ದು ಈಗ ಮಾತ್ರ ಎಳೆತನವನ್ನು ತೋರುತ್ತಿರುವ ವೃದ್ಧವೋ? ವಿಶ್ವದ ವಯಸ್ಸು ಸುಮಾರು ೧೩೮೦ ಕೋಟಿ ವರ್ಷಗಳೆಂದು ಈಗ ಗಣಿಸುತ್ತಾರೆ. ಗೆಲಕ್ಸಿಗಳು ಬಹುಮಟ್ಟಿಗೆ ಅದರ ಬಾಲ್ಯದಲ್ಲಿಯೇ ಹುಟ್ಟಿದವೆಂಬುದು ಸಾಮಾನ್ಯವಾದ ಅಭಿಪ್ರಾಯ. ಜ್ವಿಕಿ ೧೮ ನಿಜವಾಗಿ ಶಿಶುವಾದರೆ, ಗೆಲಕ್ಸಿಯ ಜನ್ಮವು ನಮ್ಮ ನೆರೆಯಲ್ಲಿಯೇ, ನಮ್ಮ ಕಾಲದಲ್ಲಿಯೇ ನಡೆಯುತ್ತಿರುವುದೆಂದು ಒಪ್ಪಬೇಕಾಗುವುದು. ಅದು ವೃದ್ಧವಾದರೆ, ಬೆಳಕನ್ನು ನೋಡಿ ವಯಸ್ಸನ್ನು ಹೇಳುವ ನಮ್ಮ ಕ್ರಮವನ್ನು ಎಚ್ಚರದಿಂದ ಪರೀಕ್ಷಿಸಬೇಕಾಗುವುದು.

ಈ ನಿರ್ಣಯಕ್ಕೆ ಮುಖ್ಯ ಸಾಧನವಾದುದು ರೋಹಿತ. ರೋಹಿತವು ಯಾವುದನ್ನು ಸಾಧಿಸಬಲ್ಲುದು, ಯಾವುದನ್ನು ಸಾಧಿಸಲಾರದು ಎಂಬುದನ್ನು ಈ ಒಂದು ಉದಾಹರಣೆಯ ಮೂಲಕ ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ. ಪ್ರಮಾಣಗಳ ವಿವೇಚನೆಯಲ್ಲಿ ನಮ್ಮ ನ್ಯಾಯಶಾಸ್ತ್ರವು ಮಾಡಿರುವ ವಿಂಗಡಣೆಗಳು ಇಲ್ಲಿ ಉಪಯೋಗಕ್ಕೆ ಬರುವುದರಿಂದ ಅವುಗಳನ್ನೂ ಯಥಾವಕಾಶವಾಗಿ ಬಳಸಿಕೊಂಡಿದೆ.

೨. ಶಬ್ದವಿಚಾರ

ಮೊದಲು ಪರಿಭಾಷೆಯನ್ನು ಗೊತ್ತುಮಾಡಿಕೊಳ್ಳುವುದು ಅಗತ್ಯ. ನಮ್ಮ ಸೂರ್ಯನು ಸೇರಿರುವ ಆಕಾಶಗಂಗೆಯು ಹತ್ತು ಸಾವಿರ ಕೋಟಿಗೂ ಮೀರಿದ ತಾರೆಗಳ ಸಮೂಹವು. ಇಂತಹ ಪ್ರತ್ಯೇಕ ಸಮೂಹಗಳು ಆಕಾಶದಲ್ಲಿ ಅಸಂಖ್ಯವಾಗಿವೆ. ಇವಕ್ಕೆ ಬ್ರಹ್ಮಾಂಡಗಳೆಂಬ ಹೆಸರನ್ನು ಕೆಲವರು ಬಳಸಿರುತ್ತಾರೆ. ಆದರೆ ಆ ಶಬ್ದಕ್ಕೆ ಸಮಸ್ತ ಜಗತ್ತು ಎಂಬ ಪುರಾಣಾರ್ಥವು ರೂಢವಾಗಿರುವುದರಿಂದ, ಅರ್ಥಸಂಕರಕ್ಕೆ ಎಡೆಯಾಗದಿರಲೆಂದು ಗೆಲಕ್ಸಿ ಎಂಬ ಪರಭಾಷಾಶಬ್ದವನ್ನೇ ಇಲ್ಲಿ ಉಳಿಸಿಕೊಂಡಿದೆ. ಆಕಾಶಗಂಗೆಯ ನೂರರಲ್ಲೊಂದು ಪಾಲು, ಸಾವಿರದಲ್ಲೊಂದು ಪಾಲು, ಅಥವಾ ಅದಕ್ಕಿಂತಲೂ ಕಡಮೆ ದ್ರವ್ಯವುಳ್ಳ ಗೆಲಕ್ಸಿಗಳಿಗೆ ಕುಬ್ಜಗಳೆಂದು ಹೆಸರು.

ಕೆಲವು ಕುಬ್ಜ ಗೆಲಕ್ಸಿಗಳಲ್ಲಿ ತಾರೆಗಳು ಬಹು ವೇಗದಿಂದ ಹುಟ್ಟುತ್ತಿರುವುವು. ಅದೇ ವೇಗದಲ್ಲಿ ಹುಟ್ಟುತ್ತ ಹೋದರೆ, ತಾರೆಗಳಿಗೆ ಉಪಾದಾನವಾದ ಅನಿಲವೆಲ್ಲವೂ ವಿಶ್ವದ ವಯಸ್ಸಿಗೆ ಹೋಲಿಸಿದರೆ ಅತ್ಯಲ್ಪ ಕಾಲದಲ್ಲಿ ಮುಗಿದುಹೋಗುವುದು. ಆದುದರಿಂದ ಈ ವೇಗವು ನಿತ್ಯವಾಗಿರಲಾರದು, ತಾತ್ಕಾಲಿಕವೇ ಆಗಿರಬೇಕು. ಈ ಸ್ಥಿತಿಗೆ ಇಂಗ್ಲಿಷಿನಲ್ಲಿ ಇರುವ ಹೆಸರಿನಲ್ಲಿ ಸಿಡಿಯುವಿಕೆಯ ಭಾವವಿದೆ. ತಾರೆಯು ಸಿಡಿದು ಸಾಯುವ ಮಹಾಸ್ಫೋಟವು ಬೇರೆಯೇ ಇರುವುದರಿಂದ, ಇದನ್ನು ತಾರಾಸೃಷ್ಟಿಯ ಉಬ್ಬರವೆಂದು ಕರೆಯುವುದು ಲೇಸು. ಕಡಲಿನ ಉಬ್ಬರಕ್ಕೆ ಹಿಂದೆಯೂ ಮುಂದೆಯೂ ಇಳಿತವುಂಟೆಂಬುದು ಈ ಪದದಲ್ಲಿಯೇ ಧ್ವನಿತವಾಗುತ್ತದೆ. ಪ್ರಕೃತ ವಾದವೂ ಆ ಇಳಿತದ ವಿಷಯವಾಗಿಯೇ ಇದೆ.

ಇನ್ನು ರೋಹಿತ. ಸೂರ್ಯನ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ಕೆಂಪಿನಿಂದ ನೇರಿಳೆಯವರೆಗೆ ಬಣ್ಣಗಳು ನೆಟ್ಟಗೆ ಸಾಲಾಗಿ ಹರಡಿಕೊಳ್ಳುವುವಷ್ಟೆ. ಅಮರಕೋಶದಲ್ಲಿ ಇಂದ್ರಧನುಸ್ಸೇ ಬಾಗದೆ ಋಜುವಾಗಿದ್ದರೆ ಅದಕ್ಕೆ ರೋಹಿತವೆಂಬ ಹೆಸರನ್ನು ಹೇಳಿದೆ. ಕನ್ನಡದ ವಿಜ್ಞಾನಲೇಖಕರು ಈ ಶಬ್ದವನ್ನು ಸ್ವೀಕರಿಸಿದುದು ಅತ್ಯಂತ ಉಚಿತವಾಗಿದೆ. ಬೆಳಕನ್ನು ಹೀಗೆ ಬಿಡಿಸಿ ಅಳೆಯುವ ಯಂತ್ರವೇ ರೋಹಿತದರ್ಶಕ. ಬೆಳಕಿನ ತರಂಗಾಂತರವನ್ನು ಆಂಗ್‌ಸ್ಟ್ರಾಂ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು ಒಂದು ಆಂಗ್‌ಸ್ಟ್ರಾಂ.

೩. ರೇಖೆಗಳು ಉಂಟಾಗುವ ಬಗೆ

ಸೂರ್ಯನ ರೋಹಿತದಲ್ಲಿ ಬಣ್ಣಗಳ ಪಟ್ಟಿಯ ನಡುನಡುವೆ ಕಪ್ಪು ಗೆರೆಗಳು ಕಾಣುವುವು. ಉಬ್ಬರದ ಕುಬ್ಜ ಗೆಲಕ್ಸಿಯ ರೋಹಿತದಲ್ಲಿಯಾದರೋ, ಮಂದವಾದ ನೀಲಪ್ರಧಾನ ಹಿನ್ನೆಲೆಯ ಮೇಲೆ ಕೆಲವು ಉಜ್ಜ್ವಲ ರೇಖೆಗಳು ಎದ್ದು ನಿಲ್ಲುವುವು. ಇದಕ್ಕೆ ಕಾರಣವನ್ನು ಕ್ರಮವಾಗಿ ಹೇಳುತ್ತೇವೆ.

ಅನಿಲಮೇಘವು ಕುಸಿದು ತಾರೆಗಳಾಗುವಾಗ ಚಿಕ್ಕ ತಾರೆಗಳು ಬಹುಸಂಖ್ಯೆಯಲ್ಲಿಯೂ ದೊಡ್ಡವು ಕೆಲವೇ ಆಗಿಯೂ ಹುಟ್ಟುವುವು. ಆ ಕೆಲವು ದೊಡ್ಡ ತಾರೆಗಳ ಮೇಲ್ಮೈ ಉಷ್ಣತೆಯು ೩೦,೦೦೦ ಡಿಗ್ರಿಗೂ ಮೀರಿರುತ್ತದೆ. ಅವು ಸೂಸುವ ಬೆಳಕಿನಲ್ಲಿ ನೇರಿಳೆಯಾಚೆಯ ಕಿರಣಗಳೇ ಹೆಚ್ಚು. ೯೧೨ ಆಂಗ್‌ಸ್ಟ್ರಾಂಗಿಂತ ಕಡಮೆ ತರಂಗಾಂತರವುಳ್ಳ ಕಿರಣವು ಜಲಜನಕದ ಪರಮಾಣುವಿಗೆ ತಾಕಿದರೆ ಅದರ ಎಲೆಕ್ಟ್ರಾನು ಬೇರ್ಪಡುತ್ತದೆ. ಬೇರ್ಪಟ್ಟ ಎಲೆಕ್ಟ್ರಾನು ಮತ್ತೆ ಕೂಡಿಕೊಳ್ಳುವಾಗ ಮೆಟ್ಟಲು ಮೆಟ್ಟಲಾಗಿ ಇಳಿಯುತ್ತ ಗೊತ್ತಾದ ಬಣ್ಣಗಳ ಬೆಳಕನ್ನು ಬಿಡುತ್ತದೆ. ೬೫೬೩ ಆಂಗ್‌ಸ್ಟ್ರಾಂನ ಕೆಂಪು ರೇಖೆಯೂ ೪೮೬೧ ಆಂಗ್‌ಸ್ಟ್ರಾಂನ ಹಸಿರುನೀಲಿಯ ರೇಖೆಯೂ ಹೀಗೆ ಹುಟ್ಟಿದವು. ಯಾವ ಉಷ್ಣತೆಯಲ್ಲಿ ಯಾವ ಧಾತುವಿನ ಎಷ್ಟು ಪರಮಾಣುಗಳು ಎಲೆಕ್ಟ್ರಾನನ್ನು ಕಳೆದುಕೊಂಡಿರುವುವೆಂಬ ಗಣಿತವನ್ನು ತಾರೆಗಳ ವಾತಾವರಣದ ವಿಷಯದಲ್ಲಿ ೧೯೨೦ರಲ್ಲಿ ಮೊದಲು ಕೊಟ್ಟವರು ನಮ್ಮವರಾದ ಮೇಘನಾದ ಸಾಹಾ ಅವರೆಂಬುದನ್ನು ಇಲ್ಲಿ ಸ್ಮರಿಸತಕ್ಕದ್ದು.

ಹೀಲಿಯಂ ಧಾತುವಿಗೆ ೫೮೭೬ ಆಂಗ್‌ಸ್ಟ್ರಾಂನಲ್ಲಿ ಒಂದು ಹಳದಿಯ ರೇಖೆಯುಂಟು. ೧೮೬೮ನೆಯ ಆಗಸ್ಟ್ ೧೮ರ ಸೂರ್ಯಗ್ರಹಣವನ್ನು ಆಂಧ್ರದೇಶದ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಅವರು ರೋಹಿತದರ್ಶಕದಿಂದ ನೋಡಿದರು. ಆ ಗ್ರಹಣವನ್ನನುಸರಿಸಿ ನಡೆದ ಪರೀಕ್ಷೆಗಳಿಂದಲೇ ಈ ಧಾತುವಿನ ಅರಿವು ಮೂಡಿತು. ಭೂಮಿಯ ಮೇಲೆ ಅದು ರಾಮ್ಸೇ ಅವರಿಗೆ ದೊರೆತದ್ದು ೧೮೯೫ರಲ್ಲಿ.

ಇವುಗಳಿಗಿಂತ ವಿಚಾರಾರ್ಹವಾದುದು ೪೯೫೯ ಮತ್ತು ೫೦೦೭ ಆಂಗ್‌ಸ್ಟ್ರಾಂಗಳ ಎರಡು ಹಸಿರು ರೇಖೆಗಳ ಕಥೆ. ೧೮೬೪ರಲ್ಲಿ ಇಂಗ್ಲೆಂಡಿನ ಹಗ್ಗಿನ್ಸ್ ಅವರು ಒಂದು ನೀಹಾರಿಕೆಯ ರೋಹಿತದಲ್ಲಿ ಇವುಗಳನ್ನು ಕಂಡರು. ಭೂಮಿಯ ಮೇಲಿನ ಯಾವ ಧಾತುವೂ ಇವುಗಳನ್ನು ಕೊಡದಿದ್ದುದರಿಂದ ನೆಬ್ಯೂಲಿಯಂ ಎಂಬ ಹೊಸ ಧಾತುವನ್ನು ಕಲ್ಪಿಸಿಕೊಂಡರು. ೧೯೨೭ರಲ್ಲಿ ಬೋವೆನ್ ಅವರು ಇವು ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಆಮ್ಲಜನಕದ ರೇಖೆಗಳೇ ಎಂದು ತೋರಿಸಿಕೊಟ್ಟರು. ಪ್ರಯೋಗಶಾಲೆಯಲ್ಲಿ ಸಾಧ್ಯವಾಗದಷ್ಟು ವಿರಳವಾದ ಅನಿಲದಲ್ಲಿ ಮಾತ್ರ ಅವು ಬಲವಾಗಿ ತೋರುವುವು. ಅಪೂರ್ವವಾಗಿದ್ದುದು ಆ ವಸ್ತುವಿನ ಅವಸ್ಥೆ, ವಸ್ತುವಲ್ಲ. ಕಾರ್ಯವನ್ನು ಕಂಡು ಕಾರಣವನ್ನು ಊಹಿಸುವಾಗ ಅವಸ್ಥಾಭೇದವನ್ನು ಮರೆತರೆ ಇಲ್ಲದ ವಸ್ತುವು ಇದೆಯೆಂದಾಗುವುದಕ್ಕೆ ಇದು ಒಳ್ಳೆಯ ದೃಷ್ಟಾಂತ.

೪. ರೋಹಿತದಿಂದ ಅಳೆಯಬಹುದಾದುವು

ಮೊದಲನೆಯದು ವೇಗ. ಬೆಳಕಿನ ಮೂಲವು ನಮ್ಮಿಂದ ದೂರ ಸರಿಯುತ್ತಿದ್ದರೆ ರೇಖೆಗಳು ಕೆಂಪಿನ ಕಡೆಗೆ ಜರುಗುವುವು. ಜ್ವಿಕಿ ೧೮ರಲ್ಲಿ ೬೫೬೩ರಲ್ಲಿರಬೇಕಾದ ಕೆಂಪು ರೇಖೆಯು ಸುಮಾರು ೬೫೭೯ರಲ್ಲಿ ಕಾಣುತ್ತದೆ. ಈ ೧೬ ಆಂಗ್‌ಸ್ಟ್ರಾಂಗಳ ಜರುಗುವಿಕೆಯಿಂದ, ಅದು ಸೆಕೆಂಡಿಗೆ ಸುಮಾರು ೭೫೦ ಕಿಲೋಮೀಟರುಗಳ ವೇಗದಿಂದ ದೂರ ಹೋಗುತ್ತಿದೆಯೆಂದು ಸಿದ್ಧವಾಗುತ್ತದೆ.

ಎರಡನೆಯದು ಧೂಳಿನ ಪ್ರಮಾಣ. ನಡುವೆ ಧೂಳಿದ್ದರೆ ನೀಲಿಯ ಬೆಳಕು ಹೆಚ್ಚಾಗಿಯೂ ಕೆಂಪು ಕಡಮೆಯಾಗಿಯೂ ತಡೆಯಲ್ಪಡುವುವು. ಸಂಜೆಯ ಸೂರ್ಯನು ಕೆಂಪಾಗುವುದೂ ಇಂತಹ ತಡೆಯಿಂದಲೇ. ಜಲಜನಕದ ಕೆಂಪು ರೇಖೆಯು ೪೮೬೧ರ ರೇಖೆಗಿಂತ ಸ್ವಭಾವತಃ ಸುಮಾರು ೨.೮ ಮಡಿ ಬಲವಾಗಿರಬೇಕೆಂದು ಗಣಿತವು ಹೇಳುತ್ತದೆ. ಕಂಡ ನಿಷ್ಪತ್ತಿಯು ಅದಕ್ಕಿಂತ ಎಷ್ಟು ಹೆಚ್ಚಾಗಿದೆಯೋ ಅಷ್ಟರಮಟ್ಟಿಗೆ ಧೂಳಿದೆಯೆಂದು ತಿಳಿದು ಉಳಿದ ರೇಖೆಗಳನ್ನು ತಿದ್ದಿಕೊಳ್ಳಬಹುದು. ಜ್ವಿಕಿ ೧೮ರಲ್ಲಿ ಧೂಳು ಬಹಳ ಕಡಮೆ.

ಮೂರನೆಯದು ತಾರಾಸೃಷ್ಟಿಯ ಪ್ರಮಾಣ. ಕೆಂಪು ರೇಖೆಯ ಒಟ್ಟು ಬೆಳಕಿನಿಂದ ಎಷ್ಟು ನೇರಿಳೆಯಾಚೆಯ ಕಿರಣಗಳು ವ್ಯಯವಾಗುತ್ತಿವೆಯೆಂದು ತಿಳಿಯುತ್ತದೆ. ಅದರಿಂದ ದೊಡ್ಡ ತಾರೆಗಳ ಸಂಖ್ಯೆಯೂ, ಚಿಕ್ಕವು ಇಷ್ಟಿಷ್ಟು ಎಂಬ ನಿಷ್ಪತ್ತಿಯನ್ನು ಒಪ್ಪಿದರೆ ಒಟ್ಟು ಸೃಷ್ಟಿಯ ಪ್ರಮಾಣವೂ ದೊರೆಯುತ್ತವೆ. ಇಲ್ಲಿ ಒಂದು ವಿಶೇಷವನ್ನು ವಾಚಕರು ಲಕ್ಷ್ಯದಲ್ಲಿಟ್ಟುಕೊಳ್ಳಬೇಕು. ಸೂರ್ಯನಂತಹ ತಾರೆಯ ಆಯುಸ್ಸು ಸುಮಾರು ೧೦೦೦ ಕೋಟಿ ವರ್ಷಗಳಾದರೆ, ಅದಕ್ಕಿಂತ ಇಪ್ಪತ್ತು ಮಡಿ ಭಾರವಾದ ತಾರೆಯ ಆಯುಸ್ಸು ಒಂದು ಕೋಟಿ ವರ್ಷಗಳ ಸುತ್ತುಮುತ್ತಿನದು. ದುಂದುಗಾರನು ದೊಡ್ಡ ಆಸ್ತಿಯನ್ನೂ ಬೇಗ ಕರಗಿಸುವಂತೆ ದೊಡ್ಡ ತಾರೆಯು ತನ್ನ ಇಂಧನವನ್ನು ಬೇಗ ಮುಗಿಸುತ್ತದೆ. ಆದುದರಿಂದ ಉಜ್ಜ್ವಲ ರೇಖೆಗಳು ಸಾಕ್ಷಿ ಹೇಳುವುದು ಕಳೆದ ಸುಮಾರು ಒಂದು ಕೋಟಿ ವರ್ಷಗಳ ವಿಷಯವನ್ನು ಮಾತ್ರ. ಅದಕ್ಕೆ ಹಿಂದಿನದನ್ನು ಅವು ಅರಿಯವು. ಉಬ್ಬರವು ಮುಗಿಯುತ್ತ ಬಂದಂತೆ ಹಿನ್ನೆಲೆಯ ಬೆಳಕಿಗೆ ಹೋಲಿಸಿದಾಗ ಈ ರೇಖೆಗಳ ಬಲವು ಕುಗ್ಗುವುದರಿಂದ, ಆ ನಿಷ್ಪತ್ತಿಯು ಉಬ್ಬರದ ವಯಸ್ಸನ್ನು ಸೂಚಿಸುವ ಗಡಿಯಾರವೂ ಆಗಿದೆ. ಅದು ಉಬ್ಬರದ ವಯಸ್ಸು, ಗೆಲಕ್ಸಿಯ ವಯಸ್ಸಲ್ಲ.

ನಾಲ್ಕನೆಯದು ಅನಿಲದ ಉಷ್ಣತೆ ಮತ್ತು ಸಂಯೋಜನೆ. ಆಮ್ಲಜನಕದ ೫೦೦೭ರ ರೇಖೆಯೊಡನೆ ೪೩೬೩ ಆಂಗ್‌ಸ್ಟ್ರಾಂನಲ್ಲಿ ಇನ್ನೊಂದು ಕ್ಷೀಣವಾದ ರೇಖೆಯಿದೆ. ಇದು ಹುಟ್ಟಬೇಕಾದರೆ ಎಲೆಕ್ಟ್ರಾನು ಇನ್ನೂ ಎತ್ತರದ ಮೆಟ್ಟಲಿಗೆ ಏರಬೇಕು, ಎಂದರೆ ಅನಿಲವು ಹೆಚ್ಚು ಬಿಸಿಯಾಗಿರಬೇಕು. ಆದುದರಿಂದ ಈ ಎರಡರ ನಿಷ್ಪತ್ತಿಯೇ ಉಷ್ಣತಾಮಾಪಕ. ಜ್ವಿಕಿ ೧೮ರ ಅನಿಲದ ಉಷ್ಣತೆಯು ೨೦,೦೦೦ ಡಿಗ್ರಿಗಳಿಗೆ ಸಮೀಪವಾಗಿದೆ. ನಮ್ಮ ಆಕಾಶಗಂಗೆಯ ಇಂತಹ ಮೇಘಗಳಲ್ಲಿ ಅದು ೧೦,೦೦೦ದ ಆಸುಪಾಸಿನದು. ಅನಿಲವನ್ನು ತಣಿಸುವುದು ಆಮ್ಲಜನಕ ಮುಂತಾದ ಧಾತುಗಳು ರೇಖಾರೂಪದಿಂದ ಹೊರಚೆಲ್ಲುವ ಬೆಳಕೇ ಆಗಿದೆ. ಆ ಧಾತುಗಳು ಕಡಮೆಯಿದ್ದಲ್ಲಿ ಅನಿಲವು ತಣಿಯಲಾರದೆ ಹೆಚ್ಚು ಬಿಸಿಯಾಗಿಯೇ ಉಳಿಯುತ್ತದೆ.

ಉಷ್ಣತೆಯು ಗೊತ್ತಾದ ಮೇಲೆ ರೇಖೆಗಳ ಬಲದಿಂದ ಧಾತುಗಳ ಸಂಖ್ಯೆಯನ್ನು ಗಣಿಸಬಹುದು. ಜ್ವಿಕಿ ೧೮ರಲ್ಲಿ ಹತ್ತು ಲಕ್ಷ ಜಲಜನಕದ ಪರಮಾಣುಗಳಿಗೆ ಆಮ್ಲಜನಕದ ಪರಮಾಣುಗಳು ಸುಮಾರು ೧೫. ಸೂರ್ಯನಲ್ಲಿ ಅವು ಸುಮಾರು ೪೯೦. ಎಂದರೆ ಇಲ್ಲಿನ ಆಮ್ಲಜನಕವು ಸೂರ್ಯನಲ್ಲಿರುವುದರ ಮೂವತ್ತರಲ್ಲೊಂದು ಪಾಲು ಮಾತ್ರ. ಈ ವಿಷಯದಲ್ಲಿ ಇದಕ್ಕಿಂತ ಬಡವಾದ ಉಬ್ಬರದ ಗೆಲಕ್ಸಿಯು ಮೂರು ದಶಕಗಳವರೆಗೆ ದೊರೆಯಲಿಲ್ಲ. ಈಚೆಗೆ ಕೆಲವು ದೊರೆತಿವೆ.

೫. ೧೯೭೨ರ ಅನುಮಾನ

ಈ ದಾರಿದ್ರ್ಯವು ಏಕೆ ಮುಖ್ಯವಾಯಿತೆಂಬುದನ್ನು ತಿಳಿಯಲು ಧಾತುಗಳ ಉತ್ಪತ್ತಿಕ್ರಮವನ್ನು ನೆನೆಯಬೇಕು. ವಿಶ್ವದ ಆರಂಭದಲ್ಲಿ ಇದ್ದುವು ಜಲಜನಕ, ಹೀಲಿಯಂ ಮತ್ತು ಅತ್ಯಲ್ಪವಾದ ಲಿಥಿಯಂ. ಆಮ್ಲಜನಕವೇ ಮುಂತಾದವುಗಳೆಲ್ಲ ತಾರೆಗಳ ಗರ್ಭದಲ್ಲಿ ಪಕ್ವವಾಗಿ, ತಾರೆಗಳು ಸಿಡಿದಾಗ ಅನಿಲದಲ್ಲಿ ಬೆರೆತವು. ಆ ಅನಿಲದಿಂದ ಮುಂದಿನ ತಲೆಮಾರಿನ ತಾರೆಗಳು ಹುಟ್ಟಿದವು. ಹೀಗೆ ತಲೆಮಾರುಗಳು ಹೆಚ್ಚಿದಂತೆ ಈ ಧಾತುಗಳು ಹೆಚ್ಚಬೇಕು.

೧೯೭೨ರಲ್ಲಿ ಲಿಯೊನಾರ್ಡ್ ಸರ್ಲ್ ಮತ್ತು ವಾಲೇಸ್ ಸಾರ್ಜೆಂಟ್ ಎಂಬ ಪಂಡಿತರು ಜ್ವಿಕಿಯವರ ಪಟ್ಟಿಯ ಎರಡು ನೀಲ ಕುಬ್ಜ ಗೆಲಕ್ಸಿಗಳ ರೋಹಿತವನ್ನು ಪರೀಕ್ಷಿಸಿ, ಅವುಗಳಲ್ಲಿ ಆಮ್ಲಜನಕವು ಬಹಳ ಕಡಮೆಯೆಂದೂ ಹೀಲಿಯಂ ಮಾತ್ರ ಹೆಚ್ಚುಕಡಮೆ ಎಂದಿನಷ್ಟೇ ಇದೆಯೆಂದೂ ತೋರಿಸಿದರು. ಅವುಗಳಲ್ಲಿ ಒಂದು ಜ್ವಿಕಿ ೧೮. ಈಗಿನ ವೇಗದಲ್ಲಿ ತಾರೆಗಳು ಅನಾದಿಯಿಂದ ಹುಟ್ಟುತ್ತಿದ್ದರೆ ಇಷ್ಟು ಬಡತನವು ಸಂಭವಿಸದು. ಆದುದರಿಂದ ಎರಡು ಪಕ್ಷಗಳನ್ನು ಅವರು ಮುಂದಿಟ್ಟರು. ಈ ಗೆಲಕ್ಸಿಗಳು ನಿಜವಾಗಿಯೇ ಎಳೆಯವು ಎಂಬುದು ಒಂದು. ಇವು ಹಳೆಯವೇ ಆಗಿದ್ದು, ದೀರ್ಘವಾದ ಇಳಿತಗಳ ನಡುವೆ ಆಗಾಗ ಉಬ್ಬರಗಳು ಬರುತ್ತವೆ ಎಂಬುದು ಇನ್ನೊಂದು. ಎರಡನ್ನೂ ಹೇಳಿ, ರೋಹಿತವೊಂದರಿಂದಲೇ ಒಂದನ್ನು ಆರಿಸಿಬಿಡದೆ ಇದ್ದುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಆದರೆ ಮುಂದಿನ ವರ್ಷಗಳಲ್ಲಿ ಮೊದಲನೆಯ ಪಕ್ಷವೇ ಅನೇಕರ ಮನಸ್ಸನ್ನು ಸೆಳೆಯಿತು. ಹುಟ್ಟುತ್ತಿರುವ ಗೆಲಕ್ಸಿಯೊಂದನ್ನು ಕಣ್ಣಾರೆ ಕಾಣುವ ಆಸೆಯು ಸಹಜವೇ ಆಗಿದೆ.

೬. ಹೇತುವಿನ ಪರೀಕ್ಷೆ

ಈ ಅನುಮಾನವನ್ನು ನಮ್ಮ ಶಾಸ್ತ್ರದ ಕ್ರಮದಲ್ಲಿ ಬರೆದರೆ ಹೀಗಾಗುವುದು: ಜ್ವಿಕಿ ೧೮ ಎಳೆಯದು, ಆಮ್ಲಜನಕಾದಿಗಳಲ್ಲಿ ದರಿದ್ರವಾಗಿರುವುದರಿಂದ. ಇಲ್ಲಿ ದಾರಿದ್ರ್ಯವು ಹೇತು, ಎಳೆತನವು ಸಾಧ್ಯ. ಎಲ್ಲೆಲ್ಲಿ ದಾರಿದ್ರ್ಯವೋ ಅಲ್ಲಲ್ಲಿ ಎಳೆತನವೆಂಬ ವ್ಯಾಪ್ತಿಯು ಸಿದ್ಧವಾದರೆ ಮಾತ್ರ ಅನುಮಾನವು ನಿಲ್ಲುವುದು.

ನೈಯಾಯಿಕರು ಉಪಾಧಿಯೆಂಬ ದೋಷವನ್ನು ಹೇಳುತ್ತಾರಷ್ಟೆ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು, ಏಕೆಂದರೆ ಹಸಿಯ ಸೌದೆಯು ಸೇರಿದಲ್ಲಿ ಮಾತ್ರ ಬೆಂಕಿಗೆ ಹೊಗೆಯುಂಟು. ಕಾಯಿಸಿದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹಸಿಯ ಸೌದೆಯ ಸಂಯೋಗವೇ ಅಲ್ಲಿ ಉಪಾಧಿ. ಪ್ರಕೃತದಲ್ಲಿಯೂ, ಬಹುಕಾಲ ತಾರೆಗಳು ಹುಟ್ಟಿದ್ದರೆ ಧಾತುಗಳು ಹೆಚ್ಚಿರಲೇಬೇಕೆಂಬುದಕ್ಕೆ ಒಂದು ಉಪಾಧಿಯಿದೆ: ಹುಟ್ಟಿದ ಧಾತುಗಳು ಅಲ್ಲಿಯೇ ಉಳಿದಿರಬೇಕು. ಕುಬ್ಜ ಗೆಲಕ್ಸಿಯ ಆಕರ್ಷಣೆಯು ದುರ್ಬಲವಾದುದು. ತಾರೆಗಳು ಸಿಡಿದಾಗ ಎದ್ದ ಬಿಸಿಗಾಳಿಯು ಧಾತುಗಳನ್ನು ಗೆಲಕ್ಸಿಯ ಹೊರಕ್ಕೇ ಒಯ್ಯಬಹುದು. ಮೇಲಾಗಿ ಜ್ವಿಕಿ ೧೮ರ ಸುತ್ತಲೂ ಹತ್ತು ಕೋಟಿ ಸೂರ್ಯರ ತೂಕಕ್ಕೂ ಮಿಕ್ಕ ಜಲಜನಕದ ಹೊದಿಕೆಯಿದೆಯೆಂದು ರೇಡಿಯೋ ದೂರದರ್ಶಕಗಳು ತೋರಿಸಿವೆ. ಆ ಅನಿಲವು ಒಳಕ್ಕೆ ಸುರಿದರೆ ಧಾತುಗಳು ತೆಳುವಾಗುವುವು. ಕೊಡದಲ್ಲಿ ಉಪ್ಪಿನ ರುಚಿಯು ಕಡಮೆಯಾಗಿರುವುದಕ್ಕೆ ಉಪ್ಪನ್ನು ಹಾಕದಿರುವುದೊಂದೇ ಕಾರಣವಲ್ಲ, ನೀರು ಹೆಚ್ಚಾಗಿ ಬೆರೆತದ್ದೂ ಕಾರಣವಾಗಬಹುದು. ಅಥವಾ ತಾರೆಗಳು ಹಿಂದೆ ಹುಟ್ಟಿದ್ದರೂ ಬಹು ನಿಧಾನವಾಗಿ, ಕೆಲವೇ ಹುಟ್ಟಿರಬಹುದು. ಹೀಗೆ ದಾರಿದ್ರ್ಯವು ವೃದ್ಧ ಗೆಲಕ್ಸಿಯಲ್ಲಿಯೂ ಇರಬಹುದಾದುದರಿಂದ ಎಳೆತನಕ್ಕೆ ಅದು ವ್ಯಭಿಚಾರಿಯಾದ ಹೇತುವಾಯಿತು.

ಹಾಗಾದರೆ ಆ ಗೆಲಕ್ಸಿಯ ನೀಲವರ್ಣವೇ ಹೇತುವಾಗಲಿ ಎಂದು ಆಕ್ಷೇಪಿಸಬಹುದು. ಇದಕ್ಕೆ ಸಮಾಧಾನವು ಸುಲಭ. ಒಂದು ದೊಡ್ಡ ಎಳೆಯ ತಾರೆಯು ಹತ್ತಾರು ಸಾವಿರ ಸೂರ್ಯರಷ್ಟು ಬೆಳಗುತ್ತದೆ. ಹಳೆಯ ತಾರೆಗಳು ಬಹುಸಂಖ್ಯೆಯಲ್ಲಿದ್ದರೂ ಅವುಗಳ ಬೆಳಕು ಈ ಪ್ರಭೆಯಲ್ಲಿ ಮುಚ್ಚಿಹೋಗುತ್ತದೆ. ಜಾತ್ರೆಯಲ್ಲಿ ಪಂಜಿನ ಬೆಳಕಿನ ಮುಂದೆ ಹಣತೆಗಳು ಕಾಣದಿದ್ದರೆ ಹಣತೆಗಳೇ ಇಲ್ಲವೆಂದು ಹೇಳಲಾಗದಷ್ಟೆ. ಇಡೀ ಗೆಲಕ್ಸಿಯ ಬೆಳಕನ್ನು ಒಟ್ಟಾಗಿ ಬಿಡಿಸಿದ ರೋಹಿತದಲ್ಲಿ ವೃದ್ಧತಾರೆಗಳ ಸುಳಿವು ದೊರೆಯದಿದ್ದುದು ಇದರಿಂದಲೇ.

೭. ಅನುಪಲಬ್ಧಿಯ ಯೋಗ್ಯತೆ

ಆದುದರಿಂದ ನಿರ್ಣಯಕ್ಕೆ ಉಳಿದ ಮಾರ್ಗವು, ಗೆಲಕ್ಸಿಯ ತಾರೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿ ಅವುಗಳಲ್ಲಿ ವೃದ್ಧವಾದುವು ಇವೆಯೇ ಎಂದು ಹುಡುಕುವುದು. ಸೂರ್ಯನಂತಹ ಸಣ್ಣ ತಾರೆಗಳು ನೂರು ಕೋಟಿ ವರ್ಷಗಳಿಗೂ ಹೆಚ್ಚು ವಯಸ್ಸಾದ ಮೇಲೆ ಉಬ್ಬಿ ಕೆಂಪು ದೈತ್ಯಗಳಾಗುವುವು. ಅಂತಹ ದೈತ್ಯಗಳು ಕಂಡರೆ ಗೆಲಕ್ಸಿಯ ವಯಸ್ಸು ನೂರು ಕೋಟಿ ವರ್ಷಗಳಿಗೆ ಕಡಮೆಯಿಲ್ಲವೆಂದು ನಿಶ್ಚಯವಾಗುವುದು.

ಭೂವಾತಾವರಣದ ಹೊರಗಿರುವ ಹಬ್ಬಲ್ ದೂರದರ್ಶಕದಿಂದ ಇಜೊಟೊವ್ ಮತ್ತು ಥುವಾನ್ ಎಂಬ ವಿದ್ವಾಂಸರು ಈ ಹುಡುಕಾಟವನ್ನು ನಡೆಸಿ, ೨೦೦೪ರಲ್ಲಿ ಫಲವನ್ನು ಪ್ರಕಟಿಸಿದರು. ಕೆಂಪು ದೈತ್ಯಗಳು ಅವರಿಗೆ ಕಾಣಲಿಲ್ಲ. ಆದುದರಿಂದ ಗೆಲಕ್ಸಿಯ ವಯಸ್ಸು ೫೦ ಕೋಟಿ ವರ್ಷಗಳಿಗಿಂತ ಕಡಮೆಯೆಂದು ಅವರು ಸಾಧಿಸಿದರು. ಶಿಶುಪಕ್ಷಕ್ಕೆ ಆಗ ದೊರೆತ ಬಲವು ಅಲ್ಪವಾದುದಲ್ಲ.

ಇಲ್ಲಿ ಮತ್ತೊಮ್ಮೆ ಪ್ರಮಾಣವಿಚಾರವು ಅಗತ್ಯವಾಗುತ್ತದೆ. ಕಾಣದಿರುವಿಕೆಯು ಇಲ್ಲದಿರುವಿಕೆಗೆ ಪ್ರಮಾಣವಾಗುವುದು ಯಾವಾಗ? ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಯೋಗ್ಯತೆಯು ಇದ್ದಾಗ ಮಾತ್ರ. ಬೆಳಕಿರುವ ಕೋಣೆಯಲ್ಲಿ ಕೊಡವು ಕಾಣದಿದ್ದರೆ ಕೊಡವಿಲ್ಲ. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳಲಾಗದು. ಇದನ್ನೇ ಯೋಗ್ಯಾನುಪಲಬ್ಧಿಯೆಂದು ನಮ್ಮವರು ವಿಂಗಡಿಸಿರುವುದು. ಜ್ವಿಕಿ ೧೮ರ ಕೆಂಪು ದೈತ್ಯಗಳು ಕಾಣಲು ಯೋಗ್ಯವಾಗಿದ್ದುವೇ ಎಂಬುದು ಆ ಗೆಲಕ್ಸಿಯ ದೂರವನ್ನು ಅವಲಂಬಿಸಿದೆ. ದೂರವು ಹೆಚ್ಚಾದರೆ ಅವು ಯಂತ್ರದ ದೃಷ್ಟಿಗೂ ನಿಲುಕದಷ್ಟು ಮಂದವಾಗುವುವು.

ದೂರವನ್ನು ಗೊತ್ತುಮಾಡುವುದು ಹೇಗೆ? ರೋಹಿತವು ಕೊಟ್ಟ ೭೫೦ ಕಿಲೋಮೀಟರುಗಳ ವೇಗವನ್ನು ವಿಶ್ವವಿಸ್ತಾರದ ನಿಯಮಕ್ಕೆ ನೇರವಾಗಿ ಹಚ್ಚಿದರೆ ಸುಮಾರು ೩ ಕೋಟಿ ೫೦ ಲಕ್ಷ ಜ್ಯೋತಿರ್ವರ್ಷಗಳು ಬರುತ್ತವೆ. ಆದರೆ ಸಮೀಪದ ಗೆಲಕ್ಸಿಗಳು ಪರಸ್ಪರ ಆಕರ್ಷಣೆಯಿಂದ ಬೇರೆ ಚಲನೆಗಳನ್ನೂ ಹೊಂದಿರುವುದರಿಂದ ಈ ಲೆಕ್ಕವು ನಂಬತಕ್ಕದ್ದಲ್ಲ. ೨೦೦೪ರ ವಿದ್ವಾಂಸರು ಇದಕ್ಕಿಂತ ಹೆಚ್ಚಿನ ದೂರವನ್ನೇ, ಎಂದರೆ ೪ ರಿಂದ ೫ ಕೋಟಿ ಜ್ಯೋತಿರ್ವರ್ಷಗಳಷ್ಟನ್ನು ಹಿಡಿದಿದ್ದರು. ೨೦೦೭ರಲ್ಲಿ ಅಲೆಸ್ಸಾಂಡ್ರಾ ಅಲೋಯಿಸಿ ಮತ್ತು ಅವರ ಸಂಗಡಿಗರು ಅದೇ ಹಬ್ಬಲ್ ದೂರದರ್ಶಕದಿಂದ ಇನ್ನೂ ದೀರ್ಘಕಾಲ ತೆಗೆದ ಚಿತ್ರಗಳನ್ನು ಸೇರಿಸಿ ಪರೀಕ್ಷಿಸಿದರು. ಆಗ ಎರಡು ವಿಷಯಗಳು ಹೊರಬಿದ್ದುವು. ಸೀಫೀಡ್ ಎಂಬ ಜಾತಿಯ ಚರತಾರೆಗಳು ಅಲ್ಲಿ ಕಂಡುವು. ಅವುಗಳ ಏರಿಳಿತದ ಅವಧಿಯಿಂದ ನಿಜವಾದ ಕಾಂತಿಯು ತಿಳಿಯುವುದರಿಂದ ದೂರವನ್ನು ಗಣಿಸಬಹುದು. ದೂರವು ೫ ಕೋಟಿ ೯೦ ಲಕ್ಷ ಜ್ಯೋತಿರ್ವರ್ಷಗಳೆಂದು ಬಂದಿತು. ಎರಡನೆಯದಾಗಿ ಕೆಂಪು ದೈತ್ಯಗಳೂ ಕಂಡುವು. ಅವುಗಳಲ್ಲಿ ಅತ್ಯಂತ ಉಜ್ಜ್ವಲವಾದುವು ಕೂಡ ಸುಮಾರು ೨೭ನೆಯ ಕಾಂತಿವರ್ಗಕ್ಕೆ ಸೇರಿದುವು. ಬರಿಗಣ್ಣಿಗೆ ಕಾಣುವ ಕೊನೆಯ ವರ್ಗವಾದ ಆರನೆಯದಕ್ಕಿಂತ ಇವು ಸುಮಾರು ೨೫ ಕೋಟಿ ಮಡಿ ಮಂದವಾಗಿವೆ. ಹಿಂದಿನ ಚಿತ್ರಗಳಲ್ಲಿ ಅವು ಕಾಣದೆ ಹೋದುದು ಇಲ್ಲದೆ ಇದ್ದುದರಿಂದಲ್ಲ, ಕಾಣುವ ಯೋ‌ಗ್ಯತೆಯು ಇಲ್ಲದೆ ಇದ್ದುದರಿಂದ.

ಈ ಒಂದು ಪರೀಕ್ಷೆಯಿಂದ ಶಿಶುಪಕ್ಷವು ಬಿದ್ದಿತು. ಜ್ವಿಕಿ ೧೮ರ ವಯಸ್ಸು ಕನಿಷ್ಠಪಕ್ಷ ನೂರು ಕೋಟಿ ವರ್ಷಗಳು. ಅದಕ್ಕಿಂತ ಎಷ್ಟು ಹೆಚ್ಚೆಂಬುದನ್ನು ಕೆಂಪು ದೈತ್ಯಗಳಷ್ಟರಿಂದಲೇ ಹೇಳಲಾಗದು. ರಕ್ತಾತೀತ ಕಿರಣಗಳಲ್ಲಿ ನೋಡಬಲ್ಲ ವೆಬ್ ದೂರದರ್ಶಕದಿಂದ ಪಡೆದು ೨೦೨೪ರಲ್ಲಿ ಪ್ರಕಟವಾದ ಪರಿಶೀಲನೆಗಳೂ ವೃದ್ಧತಾರೆಗಳ ಇರುವಿಕೆಯನ್ನು ದೃಢಪಡಿಸಿವೆ. ೧೯೭೨ರ ಎರಡು ಪಕ್ಷಗಳಲ್ಲಿ ಎರಡನೆಯದು, ಎಂದರೆ ಹಳೆಯ ಗೆಲಕ್ಸಿಯಲ್ಲಿ ಈಗ ಬಂದಿರುವ ಉಬ್ಬರವೆಂಬುದು, ಸಿದ್ಧಾಂತಕ್ಕೆ ಸಮೀಪವಾಗಿ ನಿಂತಿತು.

೮. ರೋಹಿತದ ಅಧಿಕಾರ

ಇಷ್ಟರಿಂದ ರೋಹಿತಪ್ರಮಾಣವು ದುರ್ಬಲವೆಂದು ಯಾರೂ ತಿಳಿಯಬಾರದು. ಅದು ಹೇಳಿದ ಮಾತುಗಳಲ್ಲಿ ಒಂದೂ ಸುಳ್ಳಾಗಲಿಲ್ಲ. ವೇಗ, ಉಷ್ಣತೆ, ಆಮ್ಲಜನಕದ ದಾರಿದ್ರ್ಯ, ಎಳೆಯ ತಾರೆಗಳ ಸಮೃದ್ಧಿ ಇವೆಲ್ಲವೂ ಇಂದಿಗೂ ಹಾಗೆಯೇ ನಿಂತಿವೆ. ಕೆಟ್ಟದ್ದು, ರೋಹಿತವು ಹೇಳದೆ ಇದ್ದುದನ್ನು ಅದರ ಬಾಯಿಂದ ಹೇಳಿಸಲು ಹೋದ ಊಹೆ.

ಆ ದಾರಿದ್ರ್ಯದಿಂದಲೇ ಬಂದ ಪ್ರಯೋಜನಗಳನ್ನೂ ಹೇಳತಕ್ಕದ್ದು. ತಾರೆಗಳು ಹೆಚ್ಚು ಕೆಡಿಸದ ಅನಿಲವಾದುದರಿಂದ, ಇಂತಹ ಗೆಲಕ್ಸಿಗಳ ಹೀಲಿಯಂ ರೇಖೆಗಳನ್ನು ಅಳೆದು ವಿಶ್ವದ ಆದಿಯಲ್ಲಿದ್ದ ಹೀಲಿಯಂ ತೂಕದಲ್ಲಿ ನೂರಕ್ಕೆ ಸುಮಾರು ೨೪ ರಿಂದ ೨೫ ಪಾಲು ಎಂದು ಗಣಿಸಲು ಸಾಧ್ಯವಾಗಿದೆ. ವೆಬ್ ದೂರದರ್ಶಕವು ೨೦೨೨ರಿಂದೀಚೆಗೆ, ಸುಮಾರು ೧೩೦೦ ಕೋಟಿ ವರ್ಷಗಳ ಹಿಂದೆ ಹೊರಟ ಬೆಳಕಿನಲ್ಲಿಯೂ ಆಮ್ಲಜನಕದ ಆ ಕ್ಷೀಣವಾದ ೪೩೬೩ರ ರೇಖೆಯನ್ನು ಕಂಡಿದೆ. ಆ ದೂರದ ಗೆಲಕ್ಸಿಗಳ ತಾರೆಗಳನ್ನು ಒಂದೊಂದಾಗಿ ಬಿಡಿಸುವುದು ಅಸಾಧ್ಯ. ಅಲ್ಲಿ ರೋಹಿತವೇ ನಮಗೆ ಮುಖ್ಯ ಆಧಾರ. ಹತ್ತಿರದ ಜ್ವಿಕಿ ೧೮ರಲ್ಲಿ ಎರಡು ಮಾರ್ಗಗಳಿಂದಲೂ ಪರೀಕ್ಷೆ ನಡೆದು, ಒಂದರ ಮಿತಿಯನ್ನು ಇನ್ನೊಂದು ತೋರಿಸಿದುದರ ಬೆಲೆಯು ಅಲ್ಲಿ ತಿಳಿಯುವುದು.

ಜ್ವಿಕಿ ೧೮ರ ರೋಹಿತದಲ್ಲಿ ವಿವಾದವು ಮುಗಿಯದಿರುವ ಒಂದು ರೇಖೆಯೂ ಇದೆ. ೪೬೮೬ ಆಂಗ್‌ಸ್ಟ್ರಾಂನ ಈ ರೇಖೆಯು ಎರಡು ಎಲೆಕ್ಟ್ರಾನುಗಳನ್ನೂ ಕಳೆದುಕೊಂಡ ಹೀಲಿಯಂ ಪರಮಾಣುವು ಒಂದನ್ನು ಮತ್ತೆ ಹಿಡಿದುಕೊಳ್ಳುವಾಗ ಹುಟ್ಟುವುದು. ಅದಕ್ಕೆ ಜಲಜನಕಕ್ಕೆ ಬೇಕಾದುದರ ನಾಲ್ಕು ಮಡಿ ಶಕ್ತಿಯ ಕಿರಣಗಳು ಬೇಕು. ಸಾಮಾನ್ಯವಾದ ದೊಡ್ಡ ತಾರೆಗಳು ಅಂತಹ ಕಿರಣಗಳನ್ನು ಸಾಕಷ್ಟು ಸೂಸಲಾರವು. ವುಲ್ಫ್–ರಾಯೆ ಎಂಬ ಅತ್ಯುಷ್ಣ ಜಾತಿಯ ತಾರೆಗಳು ಅಲ್ಲಿವೆಯೆಂದು ೧೯೯೭ರಲ್ಲಿ ರೋಹಿತದಿಂದಲೇ ತಿಳಿಯಿತು. ಆದರೆ ಸ್ಪೇನಿನ ಕಲಾರ್ ಆಲ್ಟೊ ವೀಕ್ಷಣಾಲಯದಲ್ಲಿ ಗೆಲಕ್ಸಿಯ ಅನೇಕ ಬಿಂದುಗಳ ರೋಹಿತವನ್ನು ಒಮ್ಮೆಗೇ ತೆಗೆದು ೨೦೧೫ರಲ್ಲಿ ಪ್ರಕಟಿಸಿದ ಪರಿಶೀಲನೆಯಂತೆ ಅವೂ ಸಾಲವು. ಆಮ್ಲಜನಕಾದಿಗಳೇ ಬಹುಮಟ್ಟಿಗೆ ಇಲ್ಲದ ಅಪೂರ್ವ ತಾರೆಗಳು ಇರಬಹುದೆಂದು ಕೆಲವರೂ, ಕ್ಷಕಿರಣಗಳನ್ನು ಸೂಸುವ ಜೋಡಿತಾರೆಯೇ ಕಾರಣವಿರಬಹುದೆಂದು ಇನ್ನು ಕೆಲವರೂ ಹೇಳುತ್ತಾರೆ. ನೆಬ್ಯೂಲಿಯಂ ಕಥೆಯನ್ನು ನೆನೆದವರು, ಹೊಸ ವಸ್ತುವನ್ನು ಒಪ್ಪುವ ಮೊದಲು ತಿಳಿದ ವಸ್ತುವಿನ ತಿಳಿಯದ ಅವಸ್ಥೆಯನ್ನು ಹುಡುಕುವುದು ಯುಕ್ತವೆಂದು ಹೇಳುವರು.

ಈ ಕಾರ್ಯವು ನಮ್ಮ ದೇಶದಲ್ಲಿಯೂ ನಡೆಯುತ್ತಿದೆ. ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯಲ್ಲಿ ಕುಳಿತು ನಡೆಸುತ್ತಾರೆ. ಉಬ್ಬರದ ಕುಬ್ಜ ಗೆಲಕ್ಸಿಗಳ ರೋಹಿತಗಳನ್ನು ಅದರಿಂದ ತೆಗೆದಿರುತ್ತಾರೆ. ೨೦೧೫ರಲ್ಲಿ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ನೇರಿಳೆಯಾಚೆಯ ಬೆಳಕನ್ನು ನೋಡುವ ದೂರದರ್ಶಕವನ್ನು ಸಿದ್ಧಪಡಿಸುವುದರಲ್ಲಿಯೂ ಅದೇ ಸಂಸ್ಥೆಯವರು ಮುಂದಾಳುಗಳಾಗಿದ್ದರು. ಹೊಸಕೋಟೆಯಲ್ಲಿ ಇಳಿದುಬರುವ ಈ ರೇಖೆಗಳ ಅರ್ಥವನ್ನು ಕನ್ನಡದಲ್ಲಿಯೇ ಹೇಳಲು ಬೇಕಾದ ಶಬ್ದಸಂಪತ್ತು ನಮ್ಮಲ್ಲಿದೆ. ರೋಹಿತವೂ ಉಪಾಧಿಯೂ ಯೋಗ್ಯಾನುಪಲಬ್ಧಿಯೂ ನಾವು ಹೊಸದಾಗಿ ಟಂಕಿಸಬೇಕಾದ ಪದಗಳಲ್ಲ. ಗೆಲಕ್ಸಿ ಎಂಬ ಪದಕ್ಕೆ ಮಾತ್ರ ಇನ್ನೂ ಯೋಗ್ಯವಾದ ಕನ್ನಡ ಹೆಸರು ಬೇಕಾಗಿದೆ. ಈ ವಿಷಯದಲ್ಲಿ ವಿದ್ವಾಂಸರು ತಮ್ಮ ಸಲಹೆಗಳನ್ನು ತಿಳಿಸಬೇಕೆಂದು ಪ್ರಾರ್ಥನೆ.